ಮೂವತ್ತೈದು ಮೈಲಿಗೊಂದು ದೀಪ

ಕಾನ್ಸಾಸ್ ಸಿಟಿ ಎಂಬ ಹೆಸರನ್ನು ಕೇಳಿದವರು ಆ ನಗರವು ಕಾನ್ಸಾಸ್ ಸಂಸ್ಥಾನದಲ್ಲಿರಬೇಕೆಂದು ಊಹಿಸುವುದು ಸಹಜ. ಆದರೆ ಅಮೆರಿಕದ ಭೂಪಟವು ಇಂತಹ ಸಹಜ ಊಹೆಗಳಿಗೆ ಮಣಿಯುವಂಥದಲ್ಲ. ಮಿಸ್ಸೂರಿ ನದಿಯೂ ಕಾನ್ಸಾಸ್ ನದಿಯೂ ಕೂಡುವ ಸಂಗಮದ ಬಳಿ ಆ ಹೆಸರಿನ ನಗರಗಳು ಎರಡಿವೆ. ಚಿಕ್ಕದು ಕಾನ್ಸಾಸ್ ಸಂಸ್ಥಾನಕ್ಕೆ ಸೇರಿದ್ದು. ಐದು ಲಕ್ಷ ಜನರಿರುವ ದೊಡ್ಡದು ನೆರೆಯ ಮಿಸ್ಸೂರಿ ಸಂಸ್ಥಾನಕ್ಕೆ ಸೇರಿದ್ದು. ಎರಡು ಸಂಸ್ಥಾನಗಳ ನಡುವಣ ಗಡಿ ಇಲ್ಲಿ ಅನೇಕ ಕಡೆ ಒಂದು ಬೀದಿಯಷ್ಟೇ. ಬೀದಿಯ ಈ ಬದಿಯ ಅಂಗಡಿಗೆ ಒಂದು ಸರ್ಕಾರದ ಕಾಯಿದೆ, ಆ ಬದಿಯ ಅಂಗಡಿಗೆ ಇನ್ನೊಂದರದು.

ಈ ನಗರಕ್ಕೆ ಐಶ್ವರ್ಯವನ್ನು ತಂದುಕೊಟ್ಟದ್ದು ಪಶ್ಚಿಮದ ಬಯಲುಸೀಮೆ. ಅಲ್ಲಿನ ಹುಲ್ಲುಗಾವಲುಗಳಿಂದ ದನಗಳೂ ಹೊಲಗಳಿಂದ ಗೋಧಿಯೂ ರೈಲುಬಂಡಿಗಳಲ್ಲಿ ಇಲ್ಲಿಗೆ ಹರಿದುಬಂದವು. 1871ರಲ್ಲಿ ತೆರೆದ ದನದ ದೊಡ್ಡಿಗಳು ಆ ದೇಶದ ಅತಿ ದೊಡ್ಡ ದನದ ಸಂತೆಗಳಲ್ಲೊಂದೆನಿಸಿ, 1951ರ ಮಹಾಪ್ರವಾಹದಲ್ಲಿ ಪೆಟ್ಟು ತಿಂದು, 1991ರಲ್ಲಿ ಮುಚ್ಚಿಹೋದವು. 1914ರಲ್ಲಿ ತೆರೆದ ಯೂನಿಯನ್ ರೈಲು ನಿಲ್ದಾಣ ಮಾತ್ರ ಅರಮನೆಯ ಗಾಂಭೀರ್ಯದಿಂದ ಇಂದಿಗೂ ನಿಂತಿದೆ. ಎದುರಿನ ದಿಣ್ಣೆಯ ಮೇಲೆ ಮೊದಲನೆಯ ಮಹಾಯುದ್ಧದ ಸ್ಮಾರಕಸ್ತಂಭ. ಅದರ ಎತ್ತರ 217 ಅಡಿ. ಊರ ತುಂಬ ಕಾರಂಜಿಗಳು. ಇನ್ನೂರಕ್ಕೂ ಮೇಲೆಂದು ಅಲ್ಲಿಯವರು ಹೆಮ್ಮೆಯಿಂದ ಲೆಕ್ಕ ಒಪ್ಪಿಸುತ್ತಾರೆ. ಸಂಜೆಯಾದರೆ ಬೀದಿಬೀದಿಯಲ್ಲಿ ಕಟ್ಟಿಗೆಯ ಹೊಗೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಮಾಂಸದ ವಾಸನೆ. ಸಸ್ಯಾಹಾರಿಯಾದ ಪ್ರವಾಸಿಗೆ ಈ ಊರು ಸ್ವಲ್ಪ ಪರೀಕ್ಷೆಯನ್ನೇ ಒಡ್ಡುತ್ತದೆ.

ಬೇಸಗೆಯ ಧಗೆ ಇಳಿದು, ಮರದ ಎಲೆಗಳು ಇನ್ನೂ ಬಣ್ಣ ತಿರುಗದಿರುವ ಸೆಪ್ಟೆಂಬರ್ ತಿಂಗಳಿನಲ್ಲಿ, ಹಲವಾರು ವರ್ಷಗಳಿಂದ ಈ ನಗರದಲ್ಲಿ ಒಂದು ವಿಶಿಷ್ಟ ಸಮಾವೇಶ ನಡೆದುಬಂದಿದೆ. ಸಿನಿಮಾ ನಟರಾಗಲಿ, ರಾಜಕಾರಣಿಗಳ ದಂಡಾಗಲಿ ಅಲ್ಲಿಗೆ ಬರುವುದಿಲ್ಲ. ಪತ್ರಿಕೆಗಳ ಮುಖಪುಟದಲ್ಲಿ ಅದರ ಚಿತ್ರ ಅಚ್ಚಾಗುವುದಿಲ್ಲ. ಅಮೆರಿಕದ ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳನ್ನು ನಡೆಸುವವರ ವಾರ್ಷಿಕ ಕೂಟವದು. ಆಸ್ಪತ್ರೆಯ ಆಡಳಿತಾಧಿಕಾರಿಗಳು, ಲೆಕ್ಕಪತ್ರದವರು, ಹಿರಿಯ ದಾದಿಯರು, ಆಡಳಿತ ಮಂಡಳಿಯ ಸದಸ್ಯರು ಬರುತ್ತಾರೆ. ಇವರನ್ನು ಕರೆಯುವ ಸಂಸ್ಥೆಯ ಹೆಸರು ನ್ಯಾಷನಲ್ ರೂರಲ್ ಹೆಲ್ತ್ ಅಸೋಸಿಯೇಷನ್. ಅದರ ಕಚೇರಿ ಗಡಿಯಾಚೆ, ಕಾನ್ಸಾಸ್ ಬದಿಯ ಲೀವುಡ್ ಎಂಬ ಉಪನಗರದಲ್ಲಿದೆ.

ನಗರದ ಹೋಟೆಲಿನ ವಿಶಾಲವಾದ ಸಭಾಂಗಣದಲ್ಲಿ ಇವರನ್ನು ಗುರುತಿಸುವುದು ಕಷ್ಟವಲ್ಲ. ಕೊರಳಲ್ಲಿ ತೂಗುವ ಬಿಲ್ಲೆಯ ಮೇಲೆ ಹೆಸರು, ಅದರ ಕೆಳಗೆ ಊರು, ಅದರ ಕೆಳಗೆ ಸಂಸ್ಥಾನ. ಎದುರಾದವರ ಕಣ್ಣು ಹೆಸರಿಗಿಂತ ಮೊದಲು ಊರಿನ ಮೇಲೆ ಹೋಗುತ್ತದೆ. ನೆಬ್ರಾಸ್ಕ, ಮೊಂಟಾನ, ಅಯೋವ, ಎರಡು ಡಕೋಟಗಳು. ಆ ಸಂಸ್ಥಾನಗಳವರೇ ಕೇಳಿರದಂತಹ ಊರುಗಳು. ಪರಿಚಯವಾದೊಡನೆ ಇವರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆಗಳು ಮೂರು: ಎಷ್ಟು ಹಾಸಿಗೆ? ಮುಂದಿನ ಆಸ್ಪತ್ರೆ ಎಷ್ಟು ಮೈಲಿ? ಹೆರಿಗೆ ಇನ್ನೂ ಮಾಡಿಸುತ್ತೀರಾ? ಮೂರನೆಯದನ್ನು ಕೇಳುವಾಗ ಮಾತ್ರ ದನಿ ಸ್ವಲ್ಪ ತಗ್ಗುತ್ತದೆ.

ಮೊದಲನೆಯ ಪ್ರಶ್ನೆಗೆ ಉತ್ತರ ಇಪ್ಪತ್ತೈದನ್ನು ಮೀರುವುದು ಅಪರೂಪ. 1997ರ ಒಂದು ಕಾಯಿದೆಯ ಮೂಲಕ ಅಮೆರಿಕ ಸರ್ಕಾರವು ಹಳ್ಳಿಗಾಡಿನ ಸಣ್ಣ ಆಸ್ಪತ್ರೆಗಳದೊಂದು ಪ್ರತ್ಯೇಕ ವರ್ಗವನ್ನೇ ಸೃಷ್ಟಿಸಿತು. ಕ್ರಿಟಿಕಲ್ ಆಕ್ಸೆಸ್ ಹಾಸ್ಪಿಟಲ್ ಎಂದು ಅದರ ಹೆಸರು. ಜನರ ಕೈಗೆ ಎಟುಕಲೇಬೇಕಾದ ಆಸ್ಪತ್ರೆ ಎಂಬುದು ಅದರ ಇಂಗಿತ. ಈಗಿರುವ ನಿಯಮದಂತೆ ಅದರಲ್ಲಿ 25ಕ್ಕಿಂತ ಹೆಚ್ಚು ಹಾಸಿಗೆಗಳಿರಕೂಡದು. ರೋಗಿಗಳು ಸರಾಸರಿಯಲ್ಲಿ 96 ಗಂಟೆಗಳಿಗಿಂತ ಹೆಚ್ಚು ಕಾಲ ಉಳಿಯಕೂಡದು. ಹಗಲಿರುಳೂ ತುರ್ತು ಚಿಕಿತ್ಸೆಯ ಬಾಗಿಲು ತೆರೆದಿರಬೇಕು. ಇನ್ನೊಂದು ಆಸ್ಪತ್ರೆಯಿಂದ 35 ಮೈಲಿ ದೂರದಲ್ಲಿರಬೇಕು, ಗುಡ್ಡಗಾಡಾದರೆ 15 ಮೈಲಿ. ಮೂವತ್ತೈದು ಮೈಲಿ ಎಂದರೆ ಬೆಂಗಳೂರಿನಿಂದ ಹೊರಟವರು ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ಸಮೀಪಿಸುವಷ್ಟು ದೂರ. 2005ರ ಕೊನೆಯವರೆಗೆ ಆಯಾ ಸಂಸ್ಥಾನದ ಸರ್ಕಾರಗಳು ‘ಈ ಆಸ್ಪತ್ರೆ ಅವಶ್ಯಕ’ ಎಂದು ಬರೆದುಕೊಟ್ಟರೆ ದೂರದ ಷರತ್ತನ್ನು ಸಡಿಲಿಸುತ್ತಿದ್ದರು. ಆದುದರಿಂದ ಎಲ್ಲ ಊರುಗಳ ನಡುವೆಯೂ ಅಷ್ಟು ಅಂತರವಿಲ್ಲ. ಕೆಲವು ಕಡೆ ಅದಕ್ಕಿಂತ ಎಷ್ಟೋ ಹೆಚ್ಚಾಗಿಯೂ ಇದೆ. ಇಂತಹ ಆಸ್ಪತ್ರೆಗಳು ಆ ದೇಶದಲ್ಲಿ 1,300ಕ್ಕೂ ಹೆಚ್ಚಿವೆ.

ಈ ವರ್ಗದ ಅಗತ್ಯವಾದರೂ ಏನಿತ್ತು? ದೇವಾಲಯದ ನಂದಾದೀಪವನ್ನು ನೆನೆದರೆ ವಿಷಯ ಸುಲಭವಾಗಿ ಮನದಟ್ಟಾಗುತ್ತದೆ. ಭಕ್ತರು ನೂರು ಜನ ಬರಲಿ, ಒಬ್ಬನೇ ಬರಲಿ, ಯಾರೂ ಬಾರದಿರಲಿ, ದೀಪಕ್ಕೆ ಎಣ್ಣೆ ಹಾಕಲೇಬೇಕು. ಹಳ್ಳಿಯ ಆಸ್ಪತ್ರೆಯೂ ಹಾಗೆಯೇ. ರಾತ್ರಿಯೆಲ್ಲ ಒಬ್ಬ ರೋಗಿಯೂ ಬಾರದಿರಬಹುದು. ಆದರೂ ದಾದಿ ಎಚ್ಚರವಿರಬೇಕು, ವೈದ್ಯ ಕರೆದೊಡನೆ ಬರುವಂತಿರಬೇಕು, ಎಕ್ಸ್-ರೇ ಯಂತ್ರ ಸಿದ್ಧವಾಗಿರಬೇಕು. ವೃದ್ಧರ ಚಿಕಿತ್ಸೆಯ ವೆಚ್ಚವನ್ನು ಹೊರುವ ಮೆಡಿಕೇರ್ ಎಂಬ ಸರ್ಕಾರಿ ವಿಮಾ ಯೋಜನೆ 1983ರಿಂದ ಆಸ್ಪತ್ರೆಗಳಿಗೆ ಹಣ ಕೊಡುವ ಕ್ರಮವನ್ನು ಬದಲಾಯಿಸಿತು. ಇಂತಹ ಕಾಯಿಲೆಗೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ಮೊತ್ತವನ್ನು ಮಾತ್ರ ಕೊಡತೊಡಗಿತು. ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ಪಟ್ಟಣದ ಆಸ್ಪತ್ರೆಗೆ ಈ ಲೆಕ್ಕ ಸರಿಹೋಯಿತು. ದಿನಕ್ಕೆ ನಾಲ್ಕು ಜನ ಬರುವ ಆಸ್ಪತ್ರೆಗೆ ಎಣ್ಣೆಯ ಖರ್ಚೂ ಹುಟ್ಟದಾಯಿತು. ಹಳ್ಳಿಗಳಲ್ಲಿ ಒಂದರ ಮೇಲೊಂದು ಆಸ್ಪತ್ರೆ ಬಾಗಿಲು ಹಾಕಿದ ಮೇಲೆ 1997ರ ಕಾಯಿದೆ ಬಂದಿತು. ಈ ಸಣ್ಣ ಆಸ್ಪತ್ರೆಗಳಿಗೆ ಮೆಡಿಕೇರ್ ರೋಗಿಗಳ ಬಾಬ್ತಿನಲ್ಲಿ ನಿಜವಾಗಿ ತಗಲಿದ ವೆಚ್ಚವನ್ನು ಕೊಡುವುದೆಂದಾಯಿತು. ಮುಂದೆ ಅದು ನೂರಕ್ಕೆ 101ರಂತೆ ನಿಗದಿಯಾಯಿತು. ಆದರೆ 2013ರಲ್ಲಿ ಸರ್ಕಾರ ತನ್ನ ಅನೇಕ ಖರ್ಚುಗಳಿಗೆ ಕತ್ತರಿ ಆಡಿಸಿದಾಗ ಆ 101 ಸದ್ದಿಲ್ಲದೆ ಸುಮಾರು 99ಕ್ಕೆ ಇಳಿಯಿತು. ನೂರು ರೂಪಾಯಿ ಖರ್ಚು ಮಾಡಿದವನಿಗೆ ತೊಂಬತ್ತೊಂಬತ್ತು ರೂಪಾಯಿ ಕೊಟ್ಟು ‘ಅಂಗಡಿ ಚೆನ್ನಾಗಿ ನಡೆಸು’ ಎಂದು ಹರಸುವ ಈ ಗಣಿತ ಸಮಾವೇಶದ ಹಜಾರಗಳಲ್ಲಿ ಇಂದಿಗೂ ನಗೆಗೂ ನಿಟ್ಟುಸಿರಿಗೂ ವಸ್ತುವಾಗಿದೆ.

ಸಮಾವೇಶದ ಕಲಾಪಗಳನ್ನು ವಿಸ್ತಾರವಾಗಿ ವರ್ಣಿಸಬೇಕಾದ್ದೇನೂ ಇಲ್ಲ. ಭಾಷಣಗಳು ಎಲ್ಲ ದೇಶದಲ್ಲೂ ಭಾಷಣಗಳೇ. ಪಕ್ಕದ ಅಂಗಣದಲ್ಲಿ ವ್ಯಾಪಾರಿಗಳ ಮಳಿಗೆಗಳು. ಲೆಕ್ಕ ಬರೆಯುವ ಯಂತ್ರಾಂಶ, ಸ್ಕ್ಯಾನಿಂಗ್ ಯಂತ್ರ, ಸಾಲ, ಬಾಡಿಗೆಯ ವೈದ್ಯರು, ಎಲ್ಲವೂ ಅಲ್ಲಿ ಬಿಕರಿಗಿವೆ. ಮಳಿಗೆಯವರು ಹಂಚುವ ಲೇಖನಿಗಳನ್ನೂ ಚೀಲಗಳನ್ನೂ ಸಂಕೋಚವಿಲ್ಲದೆ ತುಂಬಿಕೊಳ್ಳುವುದರಲ್ಲಿ ಅಮೆರಿಕದ ಹಳ್ಳಿಯವರು ಜಾತ್ರೆಗೆ ಬಂದ ಯಾವ ಹಳ್ಳಿಯವರಿಗೂ ಕಡಮೆಯಲ್ಲ. ಸಾರವತ್ತಾದ ಮಾತು ನಡೆಯುವುದು ಕಾಫಿಯ ಮೇಜಿನ ಸುತ್ತ. ವೈದ್ಯನೊಬ್ಬ ನಿವೃತ್ತನಾಗುತ್ತಿದ್ದಾನೆ, ಬದಲಿಗೆ ಯಾರೂ ಸಿಕ್ಕಿಲ್ಲ. ಆಂಬುಲೆನ್ಸ್ ನಡೆಸುವ ಸ್ವಯಂಸೇವಕರಿಗೆ ಅರವತ್ತು ದಾಟಿದೆ. ದಾದಿಯೊಬ್ಬಳು ಪಟ್ಟಣದ ಇಮ್ಮಡಿ ಸಂಬಳಕ್ಕೆ ಹೊರಟುಹೋದಳು. ಒಬ್ಬರು ತಮ್ಮ ಊರಿನ ಕಷ್ಟವನ್ನು ಹೇಳುತ್ತಿದ್ದರೆ ಉಳಿದವರು ತಲೆದೂಗುತ್ತಾರೆ. ಅದು ಅವರವರ ಊರಿನ ಕಷ್ಟವೂ ಹೌದು.

ಈ ಕೂಟಕ್ಕೆ ಕಾನ್ಸಾಸ್ ಸಿಟಿಗಿಂತ ಉಚಿತವಾದ ಸ್ಥಳ ದೊರೆಯಲಾರದು. ಅದಕ್ಕೆ ಕಾರಣ ನಗರದ ಪೂರ್ವಕ್ಕೆ ಹತ್ತು ಮೈಲಿಯ ದೂರದಲ್ಲಿದೆ. ಅಲ್ಲಿಗೆ ಹೋದರೆ ಇಂಡಿಪೆಂಡೆನ್ಸ್ ಎಂಬ ಊರು. ಹಿಂದೆ ಎತ್ತಿನ ಗಾಡಿಗಳ ಸಾಲುಗಳು ಪಶ್ಚಿಮದ ಹೊಸ ನೆಲವನ್ನು ಅರಸಿ ಹೊರಡುತ್ತಿದ್ದುದು ಇಲ್ಲಿಂದಲೇ. ಅಮೆರಿಕದ 33ನೆಯ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಊರೂ ಇದೇ. ನಾರ್ತ್ ಡೆಲವೇರ್ ಬೀದಿಯಲ್ಲಿ ಅವರು ಬಾಳಿದ ಬಿಳಿಯ ಮರದ ಮನೆ ಇದೆ. ಸ್ವಲ್ಪ ದೂರದಲ್ಲಿ 1957ರಲ್ಲಿ ತೆರೆದ ಅವರ ಗ್ರಂಥಭಂಡಾರ. ಅದರ ಅಂಗಳದಲ್ಲಿ ಅವರ ಸಮಾಧಿ.

ಟ್ರೂಮನ್ ಪಟ್ಟಣದ ವಿದ್ಯಾವಂತ ಮನೆತನದಿಂದ ಬಂದವರಲ್ಲ. ಗ್ರಾಂಡ್‌ವ್ಯೂ ಎಂಬಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಸ್ವತಃ ಹೊಲ ಉತ್ತವರು. ಯುದ್ಧದಿಂದ ಹಿಂದಿರುಗಿ ಕಾನ್ಸಾಸ್ ಸಿಟಿಯ ಹನ್ನೆರಡನೆಯ ಬೀದಿಯಲ್ಲಿ ಗಂಡಸರ ಉಡುಪಿನ ಅಂಗಡಿಯೊಂದನ್ನು 1919ರಲ್ಲಿ ತೆರೆದು, 1922ರಲ್ಲಿ ದಿವಾಳಿಯ ಅಂಚಿಗೆ ಬಂದು ಮುಚ್ಚಿ, ಸಾಲವನ್ನು ವರ್ಷಾನುಗಟ್ಟಲೆ ತೀರಿಸಿದವರು. ಬಾಗಿಲು ಹಾಕುವುದೆಂದರೆ ಏನೆಂಬುದು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. 1945ರ ನವೆಂಬರ್ 19ರಂದು ಅವರು ಶಾಸನಸಭೆಗೆ ಕಳುಹಿಸಿದ ಸಂದೇಶದಲ್ಲಿ ಎರಡು ಅಂಕಿಗಳು ಎದ್ದು ಕಾಣುತ್ತವೆ. ಸೈನ್ಯಕ್ಕೆಂದು ಪರೀಕ್ಷಿಸಿದ ಯುವಕರಲ್ಲಿ ಸುಮಾರು 50 ಲಕ್ಷ ಮಂದಿ ಅನರ್ಹರೆಂದು ತೀರ್ಮಾನವಾಗಿತ್ತು. ದೇಶದ ಕೌಂಟಿಗಳಲ್ಲಿ, ಎಂದರೆ ಜಿಲ್ಲೆಗಳಲ್ಲಿ, ಸುಮಾರು 1,200ರಲ್ಲಿ ಆಸ್ಪತ್ರೆಯೇ ಇರಲಿಲ್ಲ, ಇದ್ದರೂ ಆಸ್ಪತ್ರೆಯೆನ್ನುವ ಯೋಗ್ಯತೆ ಅದಕ್ಕಿರಲಿಲ್ಲ. ಅಲ್ಲಿ ವಾಸಿಸುತ್ತಿದ್ದವರು ಒಂದೂವರೆ ಕೋಟಿ ಜನ.

ಟ್ರೂಮನ್ ಕೇಳಿದವುಗಳಲ್ಲಿ ಮುಖ್ಯವಾದವು ಎರಡು. ಹಳ್ಳಿಗಾಡಿನಲ್ಲಿ ಆಸ್ಪತ್ರೆ ಕಟ್ಟಲು ಹಣ ಬೇಕು. ಎಲ್ಲ ಪ್ರಜೆಗಳಿಗೂ ರಾಷ್ಟ್ರೀಯ ಆರೋಗ್ಯ ವಿಮೆ ಬೇಕು. ಮೊದಲನೆಯದು ದೊರೆಯಿತು. ಎರಡನೆಯದನ್ನು ವೈದ್ಯರ ಪ್ರಬಲ ಸಂಘವು ಸಮಾಜವಾದದ ಭೂತವೆಂದು ಹೆದರಿಸಿ ಓಡಿಸಿತು. ಹೀಗೆ ಕಟ್ಟಡಕ್ಕೆ ಹಣ ಬಂದಿತು, ಕಟ್ಟಡದೊಳಗೆ ಮಲಗುವವನಿಗೆ ಬರಲಿಲ್ಲ. ಅಮೆರಿಕದ ಹಳ್ಳಿಯ ಆಸ್ಪತ್ರೆಯ ಮುಂದಿನ ಕಥೆಯೆಲ್ಲ ಈ ಅರೆಗೆಲುವಿನಿಂದ ಹುಟ್ಟಿದ್ದೆಂದರೆ ತಪ್ಪಾಗಲಾರದು.

1946ರ ಆಗಸ್ಟ್ 13ರಂದು ಟ್ರೂಮನ್ ಸಹಿ ಮಾಡಿದ ಆ ಕಾಯಿದೆಗೆ ಅದನ್ನು ಮಂಡಿಸಿದ ಇಬ್ಬರು ಸೆನೆಟರುಗಳ ಹೆಸರು ಅಂಟಿಕೊಂಡಿದೆ: ಹಿಲ್-ಬರ್ಟನ್ ಕಾಯಿದೆ. ಅಲಬಾಮ ಸಂಸ್ಥಾನದ ಲಿಸ್ಟರ್ ಹಿಲ್ ಅವರ ಹೆಸರಿನಲ್ಲೇ ಒಂದು ಕಥೆಯಿದೆ. ಅವರ ತಂದೆ ಡಾಕ್ಟರ್ ಲೂಥರ್ ಹಿಲ್ ಅವರು ಶಸ್ತ್ರಚಿಕಿತ್ಸೆಯಲ್ಲಿ ನಂಜುನಿವಾರಣೆಯ ಮಾರ್ಗ ತೋರಿದ ಜೋಸೆಫ್ ಲಿಸ್ಟರ್ ಅವರ ಶಿಷ್ಯರು. ಗುರುವಿನ ಹೆಸರನ್ನೇ ಮಗನಿಗಿಟ್ಟರು. 1902ರಲ್ಲಿ ಮಾಂಟ್ಗಮರಿ ಪಟ್ಟಣದ ಒಂದು ಬಡ ಗುಡಿಸಿಲಿನಲ್ಲಿ, ಎದೆಗೆ ಇರಿತವಾಗಿದ್ದ ಹದಿಮೂರು ವರ್ಷದ ಬಾಲಕನನ್ನು ಮೇಜಿನ ಮೇಲೆ ಮಲಗಿಸಿ, ಸೀಮೆಎಣ್ಣೆಯ ದೀಪಗಳ ಬೆಳಕಿನಲ್ಲಿ ಅವನ ಹೃದಯಕ್ಕೇ ಹೊಲಿಗೆ ಹಾಕಿ ಬದುಕಿಸಿದವರು ಈ ಲೂಥರ್ ಹಿಲ್. ಅಮೆರಿಕದಲ್ಲಿ ಅಂತಹ ಚಿಕಿತ್ಸೆ ಸಫಲವಾದದ್ದು ಅದೇ ಮೊದಲು. ಅಡಿಗೆಮನೆಯ ಮೇಜಿಗೆ ಬದಲಾಗಿ ಊರೂರಿಗೆ ಶಸ್ತ್ರಚಿಕಿತ್ಸೆಯ ಕೊಠಡಿ ಬೇಕೆಂದು ಮಗನಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ಮಗನ ಕಾಯಿದೆಯಲ್ಲಿ, ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಆಸ್ಪತ್ರೆ ಕಟ್ಟಬಹುದೆಂಬ ಒಂದು ವಾಕ್ಯವೂ ಇತ್ತು. 1963ರಲ್ಲಿ ನ್ಯಾಯಾಲಯ ಅದನ್ನು ತೆಗೆದುಹಾಕುವವರೆಗೆ ಸರ್ಕಾರದ ಹಣದಿಂದಲೇ ಬಣ್ಣದ ಗೋಡೆಯೂ ಎದ್ದಿತ್ತು. 1975ರ ವೇಳೆಗೆ ಆ ದೇಶದ ಆಸ್ಪತ್ರೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಈ ಕಾಯಿದೆಯ ಹಣದ ಋಣದಲ್ಲಿದ್ದುವು.

ಇಂಡಿಪೆಂಡೆನ್ಸಿನ ಗ್ರಂಥಭಂಡಾರದ ಸಭಾಭವನದಲ್ಲಿ 1965ರ ಜುಲೈ 30ರಂದು ಇನ್ನೊಂದು ಸಹಿ ಬಿದ್ದಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಮೆಡಿಕೇರ್ ಕಾಯಿದೆಯ ಕಾಗದಗಳನ್ನು ರಾಜಧಾನಿಯಿಂದ ಇಲ್ಲಿಗೆ ತಂದು, 81 ವರ್ಷದ ಟ್ರೂಮನ್ ಅವರ ಮುಂದೆ ಕುಳಿತು ಸಹಿ ಮಾಡಿದರು. ಮೊದಲನೆಯ ವಿಮಾ ಚೀಟಿ ಟ್ರೂಮನ್ ಅವರಿಗೆ, ಎರಡನೆಯದು ಅವರ ಪತ್ನಿಗೆ. ಇಪ್ಪತ್ತು ವರ್ಷ ತಡವಾಗಿ, ಅದೂ 65 ದಾಟಿದವರಿಗೆ ಮಾತ್ರ, ಆ ಹಳೆಯ ಬೇಡಿಕೆ ಈಡೇರಿತು. ಹಳ್ಳಿಗಳಲ್ಲಿ ಉಳಿದಿರುವವರಲ್ಲಿ ವೃದ್ಧರ ಪಾಲು ಹೆಚ್ಚಾದ್ದರಿಂದ ಸಣ್ಣ ಆಸ್ಪತ್ರೆಗಳ ಉಸಿರು ಇಂದಿಗೂ ಈ ಚೀಟಿಯ ಮೇಲೆಯೇ ನಿಂತಿದೆ.

ಸಭಾಂಗಣದ ಬಿಲ್ಲೆಗಳ ಮೇಲಿನ ಊರುಗಳನ್ನು ಕಾಣಬೇಕಾದರೆ ನಗರವನ್ನು ಬಿಟ್ಟು ಪಶ್ಚಿಮಕ್ಕೆ ಹೊರಡಬೇಕು. ಕಾನ್ಸಾಸ್ ಸಂಸ್ಥಾನವು ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ದೊಡ್ಡದು. 2020ರ ಜನಗಣತಿಯಲ್ಲಿ ಅದರ ಜನಸಂಖ್ಯೆ 29 ಲಕ್ಷ ಮಾತ್ರ. ಅವರಲ್ಲಿಯೂ ಬಹುಮಂದಿ ಪೂರ್ವದ ಪಟ್ಟಣಗಳಲ್ಲಿದ್ದಾರೆ. ಹುಲ್ಲುಗುಡ್ಡಗಳ ಸಾಲು ಮುಗಿದ ಮೇಲೆ ನೆಲ ಚಪ್ಪಟೆಯಾಗುತ್ತ, ಆಕಾಶ ದೊಡ್ಡದಾಗುತ್ತ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಗೋಧಿಯ ಹೊಲಗಳು ಬಿತ್ತನೆಗೆ ಸಿದ್ಧವಾಗುತ್ತಿರುತ್ತವೆ. ಕಣ್ಣಿಗೆ ಬೀಳುವುದು ಕೆಂಪುಗಂದು ತೆನೆಗಳನ್ನು ಹೊತ್ತು ನಿಂತ ಜೋಳ. ಹೌದು, ಜೋಳವೇ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ಸೀಮೆ ಇದು. ವಿಜಾಪುರದವರಿಗೆ ಒಮ್ಮೆಗೇ ಊರು ನೆನಪಾಗಬಹುದು. ಆದರೆ ರೊಟ್ಟಿಯ ಸದ್ದು ಎಲ್ಲಿಯೂ ಕೇಳದು. ಅಲ್ಲಿನ ಜೋಳ ಬಹುಮಟ್ಟಿಗೆ ದನಗಳ ಪಾಲು.

ದೂರದಿಂದ ಮೊದಲು ಕಾಣುವುದು ಗೋಪುರದಂತೆ ನೂರಾರು ಅಡಿ ಎದ್ದ ಬಿಳಿಯ ಕಣಜ. ಅನಂತರ ಊರಿನ ಹೆಸರು ಬರೆದ ನೀರಿನ ತೊಟ್ಟಿ. ಅನಂತರ ಹೆದ್ದಾರಿಯ ಬದಿಯಲ್ಲಿ, ನೀಲಿಯ ಮೇಲೆ ಬಿಳಿಯ ಒಂದೇ ಅಕ್ಷರ ‘ಎಚ್’. ಇಲ್ಲಿ ಆಸ್ಪತ್ರೆಯಿದೆ ಎಂಬುದರ ಗುರುತು ಅದು. ಆಸ್ಪತ್ರೆ ಸಾಮಾನ್ಯವಾಗಿ ಒಂದೇ ಅಂತಸ್ತಿನ ಇಟ್ಟಿಗೆಯ ಕಟ್ಟಡ. ಅದೇ ಹಾಸಿಗೆಯಲ್ಲಿ ಇಂದು ನ್ಯುಮೋನಿಯದ ರೋಗಿ, ನಾಳೆ ಸೊಂಟ ಮುರಿದು ಚೇತರಿಸಿಕೊಳ್ಳುತ್ತಿರುವ ಮುದುಕಿ. ಹಾಸಿಗೆ ಒಂದೇ, ಲೆಕ್ಕದ ಪುಸ್ತಕದಲ್ಲಿ ಹೆಸರು ಬೇರೆ. ಆಡಳಿತ ಮಂಡಳಿಯಲ್ಲಿ ಬೇಸಾಯಗಾರ, ಬ್ಯಾಂಕಿನವನು, ಉಪಾಧ್ಯಾಯಿನಿ. ಅನೇಕ ಆಸ್ಪತ್ರೆಗಳು ಕೌಂಟಿಯ ಸ್ವತ್ತು. ಕೊರತೆ ಬಿದ್ದರೆ ಊರವರು ಮತ ಹಾಕಿ ತಮ್ಮ ಮೇಲೆ ತಾವೇ ತೆರಿಗೆ ಹೇರಿಕೊಳ್ಳುತ್ತಾರೆ. ಊರಿನಲ್ಲಿ ಶಾಲೆಯನ್ನು ಬಿಟ್ಟರೆ ಅತಿ ಹೆಚ್ಚು ಮಂದಿಗೆ ಸಂಬಳ ಕೊಡುವ ಮನೆಯೂ ಬಹುಶಃ ಅದೇ. ಆದ್ದರಿಂದ ಆಸ್ಪತ್ರೆ ಹೋದರೆ ಅದರೊಡನೆ ಔಷಧದ ಅಂಗಡಿ, ದಾದಿಯರ ಸಂಸಾರಗಳು, ಅವರ ಮಕ್ಕಳಿಂದ ತುಂಬಿದ್ದ ತರಗತಿಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ.

ಪಶ್ಚಿಮದ ಕೊನೆಯಲ್ಲಿ ಗ್ರೀಲಿ ಎಂಬ ಕೌಂಟಿ; ಅದರ ಮುಖ್ಯ ಊರಿನ ಹೆಸರು ಟ್ರಿಬ್ಯೂನ್. ನ್ಯೂಯಾರ್ಕಿನ ಟ್ರಿಬ್ಯೂನ್ ಪತ್ರಿಕೆಯ ಹೆಸರು ಊರಿಗೆ, ಅದರ ಸಂಪಾದಕ ಹೊರೇಸ್ ಗ್ರೀಲಿಯ ಹೆಸರು ಕೌಂಟಿಗೆ. ಪಕ್ಕದ ಇನ್ನೊಂದು ಹಳ್ಳಿಯ ಹೆಸರು ಹೊರೇಸ್! ಪತ್ರಿಕೆಯವರಿಗೆ ಇಂತಹ ಮರ್ಯಾದೆ ಸಲ್ಲಿಸಿದ ಸೀಮೆ ಪ್ರಪಂಚದಲ್ಲಿ ಇನ್ನೊಂದು ಇರಲಾರದು. 2020ರಲ್ಲಿ ಇಡೀ ಕೌಂಟಿಯ ಜನಸಂಖ್ಯೆ 1,284. ಕನ್ನಡ ನಾಡಿನ ಒಂದು ಸಾಧಾರಣ ಹಳ್ಳಿಯಷ್ಟು. ಆದರೂ ಅಲ್ಲೊಂದು ಆಸ್ಪತ್ರೆ ಇದೆ.

ಈ ಬದುಕಿನ ಅತ್ಯಂತ ಪ್ರಸಿದ್ಧ ಚಿತ್ರಗಳನ್ನು ತೆಗೆದವರೂ ಕಾನ್ಸಾಸಿನ ಮಗನೇ. ವಿಚಿಟ ಪಟ್ಟಣದಲ್ಲಿ 1918ರಲ್ಲಿ ಹುಟ್ಟಿದ ಯೂಜೀನ್ ಸ್ಮಿತ್ ಅವರು ‘ಲೈಫ್’ ಎಂಬ ಸಚಿತ್ರ ವಾರಪತ್ರಿಕೆಗಾಗಿ ನೆರೆಯ ಕೊಲರಾಡೊ ಸಂಸ್ಥಾನದ ಕ್ರೆಮ್ಲಿಂಗ್ ಎಂಬ ಹಳ್ಳಿಗೆ ಹೋದರು. ಅಲ್ಲಿನ ಡಾಕ್ಟರ್ ಅರ್ನೆಸ್ಟ್ ಸೆರಿಯಾನಿ ಅವರು 400 ಚದರ ಮೈಲಿಗಳಲ್ಲಿ ಚದರಿದ್ದ ಸುಮಾರು ಎರಡು ಸಾವಿರ ಜನರಿಗೆ ಒಬ್ಬರೇ ವೈದ್ಯರು. ಆಸ್ಪತ್ರೆಗೆ ಹದಿನಾಲ್ಕು ಹಾಸಿಗೆ. 1948ರ ಸೆಪ್ಟೆಂಬರ್ 20ರ ಸಂಚಿಕೆಯಲ್ಲಿ ಅಚ್ಚಾದ ಆ ಚಿತ್ರಗಳಲ್ಲಿ ಒಂದನ್ನು ನೋಡಿದವರು ಮರೆಯಲಾರರು. ನಡುರಾತ್ರಿ ಕಳೆದಿದೆ. ಹೆರಿಗೆಯಲ್ಲಿ ತಾಯಿಯೂ ಮಗುವೂ ಉಳಿಯಲಿಲ್ಲ. ಶಸ್ತ್ರಚಿಕಿತ್ಸೆಯ ನಿಲುವಂಗಿಯನ್ನೂ ಬಿಚ್ಚದೆ ವೈದ್ಯ ಆಸ್ಪತ್ರೆಯ ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಾನೆ. ಒಂದು ಕೈಯಲ್ಲಿ ಕಾಫಿಯ ಬಟ್ಟಲು, ಇನ್ನೊಂದರಲ್ಲಿ ಸಿಗರೇಟು. ಎರಡೂ ಅವನ ಗಮನದಲ್ಲಿಲ್ಲ.

ಹೆರಿಗೆಯ ಪ್ರಶ್ನೆಗೆ ಸಮಾವೇಶದಲ್ಲಿ ದನಿ ತಗ್ಗುವುದರ ಕಾರಣ ಆ ಚಿತ್ರದಲ್ಲಿಯೂ ಇದೆ. ವರ್ಷಕ್ಕೆ ಐವತ್ತು ಹೆರಿಗೆಗಳಾಗುವ ಊರಿನಲ್ಲಿ ಅದಕ್ಕೆ ಬೇಕಾದ ವೈದ್ಯರನ್ನೂ ದಾದಿಯರನ್ನೂ ಹಗಲಿರುಳು ಸಿದ್ಧವಾಗಿಡುವುದು ದುಬಾರಿ. ಅಭ್ಯಾಸ ತಪ್ಪಿದ ಕೈಯಿಂದ ಮಾಡಿಸುವುದು ಅಪಾಯ. ನಿಲ್ಲಿಸಿದರೆ ಬಸುರಿ ಹೆಂಗಸು ಹಿಮ ಬೀಳುವ ರಾತ್ರಿಯಲ್ಲಿ ಎಪ್ಪತ್ತು ಮೈಲಿ ಹೋಗಬೇಕು. 2022ರ ವೇಳೆಗೆ ಆ ದೇಶದ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹೆರಿಗೆಯ ವಿಭಾಗ ಇರಲಿಲ್ಲ. ಈ ನಿರ್ಧಾರವನ್ನು ಕೈಗೊಂಡವರು ಕ್ರೂರಿಗಳಲ್ಲ. ಅನೇಕರು ತಾವೇ ಆ ವಾರ್ಡಿನಲ್ಲಿ ಹುಟ್ಟಿದವರು.

ಆಸ್ಪತ್ರೆಯೇ ಮುಚ್ಚಿದರೆ ಆಗುವುದೇನು? ಕಾನ್ಸಾಸ್ ಸಿಟಿಯಿಂದ ದಕ್ಷಿಣಕ್ಕೆ ಸುಮಾರು ತೊಂಬತ್ತು ಮೈಲಿ ಹೋದರೆ ಫೋರ್ಟ್ ಸ್ಕಾಟ್ ಎಂಬ ಹಳೆಯ ದಂಡಿನ ಊರಿದೆ. ಎಂಟು ಸಾವಿರಕ್ಕೆ ತುಸು ಕಡಮೆ ಜನ. 1886ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಸ್ಥಾಪಿಸಿದ ಅಲ್ಲಿನ ಆಸ್ಪತ್ರೆ 132 ವರ್ಷ ನಡೆದು, 2018ರ ಡಿಸೆಂಬರ್ 31ರಂದು ಮುಚ್ಚಿತು. ಅದು ಇಪ್ಪತ್ತೈದು ಹಾಸಿಗೆಯ ವರ್ಗಕ್ಕೆ ಸೇರುವಷ್ಟು ಸಣ್ಣದಲ್ಲ, ತನ್ನ ಕಾಲಮೇಲೆ ತಾನು ನಿಲ್ಲುವಷ್ಟು ದೊಡ್ಡದೂ ಅಲ್ಲ; ನಡುವೆ ಸಿಕ್ಕಿಕೊಂಡದ್ದು. ಹೊಸ ವರ್ಷದ ಮೊದಲ ಹದಿನೆಂಟು ದಿನ ಊರಿನಲ್ಲಿ ತುರ್ತು ಚಿಕಿತ್ಸೆಯ ಬಾಗಿಲೇ ಇರಲಿಲ್ಲ. ಆಮೇಲೆ ಬೇರೊಂದು ಸಂಸ್ಥೆ ಅಷ್ಟನ್ನು ತೆರೆದು, ಕೆಲವು ವರ್ಷ ನಡೆಸಿ, 2023ರ ಕೊನೆಯಲ್ಲಿ ಅದೂ ಕೈಬಿಟ್ಟಿತು. ಹೃದಯಾಘಾತವಾದವರಿಗೆ ಪಿಟ್ಸ್‌ಬರ್ಗ್ ಎಂಬ ಊರು ಸುಮಾರು ಮೂವತ್ತು ಮೈಲಿ. ಮೂವತ್ತು ಮೈಲಿ ಒಳ್ಳೆಯ ರಸ್ತೆಯಲ್ಲಿ ಅರ್ಧ ಗಂಟೆಯೆಂದು ಪಟ್ಟಣದವರು ಹೇಳುವುದುಂಟು. ಆಂಬುಲೆನ್ಸ್ ಮೊದಲು ಮನೆಗೆ ಬರಬೇಕು, ಆಮೇಲೆ ಹೋಗಬೇಕು, ಅದು ಹಿಂದಿರುಗುವವರೆಗೆ ಊರಿನಲ್ಲಿ ಇನ್ನೊಬ್ಬನಿಗೆ ಆಘಾತವಾಗಬಾರದು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂತಹ ಮುಚ್ಚುವಿಕೆಗಳು 2010ರಿಂದೀಚೆಗೆ ನೂರನ್ನು ಮೀರಿವೆ. ಅವುಗಳಲ್ಲಿ ಒಂದರ ಕಥೆಯನ್ನು ಹಳ್ಳಿ ಆಸ್ಪತ್ರೆಯವರು ಬಹಳ ಕಾಲ ಹೇಳಿಕೊಂಡರು. ಪೂರ್ವ ಕರಾವಳಿಯ ಉತ್ತರ ಕ್ಯಾರೊಲಿನಾದಲ್ಲಿ ಬೆಲ್‌ಹೇವನ್ ಎಂಬ ಸಣ್ಣ ಊರು. ಅಲ್ಲಿನ ಆಸ್ಪತ್ರೆ 2014ರ ಜುಲೈ 1ರಂದು ಮುಚ್ಚಿತು. ವಾರ ಕಳೆಯುವುದರೊಳಗೆ 48 ವರ್ಷದ ಹೆಂಗಸೊಬ್ಬಳು, ಶಾಲೆಯ ಆವರಣದಲ್ಲಿ ಹೆಲಿಕಾಪ್ಟರಿಗಾಗಿ ಕಾಯುತ್ತಿರುವಾಗ ಪ್ರಾಣಬಿಟ್ಟಳು. ಊರಿನ ಮೇಯರ್ ಆಡಮ್ ಓನೀಲ್ ಯಾವ ಪಕ್ಷದ ಪ್ರಚಾರಕ್ಕೂ ಕಾಯಲಿಲ್ಲ. ಅವರು ಸೇರಿದ್ದ ಪಕ್ಷವು ಸರ್ಕಾರದ ಆರೋಗ್ಯ ಯೋಜನೆಗಳ ವಿಸ್ತರಣೆಯನ್ನು ವಿರೋಧಿಸುತ್ತಿದ್ದಂಥದು. ಆದರೂ ಮನುಷ್ಯ ಬೂಟು ಬಿಗಿದುಕೊಂಡು ರಾಜಧಾನಿ ವಾಷಿಂಗ್ಟನ್‌ಗೆ ನಡೆದೇ ಹೊರಟರು. 273 ಮೈಲಿ, ಎರಡು ವಾರ, ಬೇಸಗೆಯ ಬಿಸಿಲು. ಆಸ್ಪತ್ರೆ ಮತ್ತೆ ತೆರೆಯಲಿಲ್ಲ.

ವೈದ್ಯರ ಅಭಾವದ ಚರ್ಚೆ ಎದ್ದಾಗ ಭಾರತದ ಹೆಸರು ಬಾರದೆ ಇರುವುದಿಲ್ಲ. ವಿದೇಶದಿಂದ ಬಂದು ಅಮೆರಿಕದಲ್ಲಿ ತರಬೇತಿ ಪಡೆದ ವೈದ್ಯರು ಸಾಮಾನ್ಯವಾಗಿ ಎರಡು ವರ್ಷ ಸ್ವದೇಶಕ್ಕೆ ಹಿಂದಿರುಗಿರಬೇಕೆಂಬ ನಿಯಮವಿದೆ. ವೈದ್ಯರಿಲ್ಲದ ಸೀಮೆಯಲ್ಲಿ ಮೂರು ವರ್ಷ ಕೆಲಸ ಮಾಡಲೊಪ್ಪಿದವರಿಗೆ ಅದರಿಂದ ವಿನಾಯಿತಿ. ಉತ್ತರ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡ್ ಅವರ ಯತ್ನದಿಂದ 1994ರಲ್ಲಿ ಬಂದ ಈ ಏರ್ಪಾಡಿನ ಮೂಲಕ ಪ್ರತಿ ಸಂಸ್ಥಾನಕ್ಕೂ ವರ್ಷಕ್ಕೆ ಇಷ್ಟು ಎಂದು ವೈದ್ಯರು ದೊರೆಯುತ್ತಾರೆ; ಈಗ ಆ ಮಿತಿ ಮೂವತ್ತು. ಅಮೆರಿಕದ ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಮೈಸೂರು, ಮಣಿಪಾಲ, ಹುಬ್ಬಳ್ಳಿಗಳಲ್ಲಿ ಓದಿದ ವೈದ್ಯರು ಕಾಣಸಿಗುವುದು ಹೀಗೆ. ಮೂರು ವರ್ಷಕ್ಕೆಂದು ಬಂದು ಮೂವತ್ತು ವರ್ಷ ಉಳಿದವರಿದ್ದಾರೆ. ಅವಧಿ ಮುಗಿದ ಮರುದಿನವೇ ಪಟ್ಟಣದ ದಾರಿ ಹಿಡಿದವರೂ ಇದ್ದಾರೆ. ಕನ್ನಡ ನಾಡಿನ ಹಳ್ಳಿಗಳಿಗೆ ಹೋಗಲೊಲ್ಲದ ವೈದ್ಯನು ಕಾನ್ಸಾಸಿನ ಹಳ್ಳಿಯನ್ನು ಕಾಯುತ್ತಿರುವ ಈ ವೈಚಿತ್ರ್ಯವನ್ನು ಬಲ್ಲವರು ಸ್ವಲ್ಪ ಯೋಚಿಸಬಹುದು.

ಹೊಸ ಉಪಾಯಗಳಿಗೂ ಕೊರತೆಯಿಲ್ಲ. ಗೋಡೆಯ ಮೇಲಿನ ಗುಂಡಿಯೊತ್ತಿದರೆ ದೂರದ ನಗರದಲ್ಲಿ ಕುಳಿತ ತಜ್ಞ ಪರದೆಯ ಮೇಲೆ ಪ್ರತ್ಯಕ್ಷನಾಗಿ, ಹಳ್ಳಿಯ ದಾದಿಗೆ ಕೈಹಿಡಿದು ನಡೆಸಿದಂತೆ ಸೂಚನೆ ಕೊಡುತ್ತಾನೆ. ದಕ್ಷಿಣ ಡಕೋಟದ ಸೂ ಫಾಲ್ಸ್ ನಗರದಿಂದ 2009ರಲ್ಲಿ ಆರಂಭವಾದ ಅಂತಹ ವ್ಯವಸ್ಥೆ ಅನೇಕ ಸಂಸ್ಥಾನಗಳಿಗೆ ಹಬ್ಬಿತು. 2023ರಿಂದ ಇನ್ನೊಂದು ಹೊಸ ವರ್ಗ ಬಂದಿದೆ: ಹಾಸಿಗೆಗಳನ್ನೆಲ್ಲ ಬಿಟ್ಟುಕೊಟ್ಟು ತುರ್ತು ಚಿಕಿತ್ಸೆಯನ್ನು ಮಾತ್ರ ಉಳಿಸಿಕೊಂಡರೆ ಸರ್ಕಾರ ತಿಂಗಳು ತಿಂಗಳು ನಿಗದಿಯಾದ ಹಣ ಕೊಡುತ್ತದೆ. ಮೂವತ್ತಕ್ಕೂ ಹೆಚ್ಚು ಆಸ್ಪತ್ರೆಗಳು ಆ ದಾರಿ ಹಿಡಿದಿವೆ. ಮರವನ್ನು ಉಳಿಸಲು ಕೊಂಬೆ ಕಡಿದಂತೆ ಎಂದು ಕೆಲವರು. ಕೊಂಬೆಯೆಲ್ಲ ಕಡಿದ ಮೇಲೆ ಉಳಿದದ್ದನ್ನು ಮರವೆನ್ನಬಹುದೆ ಎಂದು ಇನ್ನು ಕೆಲವರು. 2025ರ ಜುಲೈ 4ರಂದು ಕಾಯಿದೆಯಾದ ಮಸೂದೆಯು ಹಳ್ಳಿಗಾಡಿನ ಆರೋಗ್ಯಕ್ಕೆಂದು ಐದು ವರ್ಷಗಳಿಗೆ 5,000 ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಅದೇ ಕಾಯಿದೆ ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ನಿಂದ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಣವನ್ನು ಕಡಿತ ಮಾಡಿತು. ಒಂದು ಕೈಯಲ್ಲಿ ಎಣ್ಣೆ ಎರೆದು ಇನ್ನೊಂದು ಕೈಯಲ್ಲಿ ಬತ್ತಿಯನ್ನು ಎಳೆಯುವುದೆಂದರೆ ಇದೇ ಇರಬೇಕು.

ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸಭಾಂಗಣ ಬರಿದಾಗುತ್ತದೆ. ವಿಮಾನ ನಿಲ್ದಾಣವಿಲ್ಲದ ಊರುಗಳವರು ತಮ್ಮ ವಾಹನಗಳ ಹಿಂಬದಿಗೆ ಪೆಟ್ಟಿಗೆಗಳನ್ನೂ ಲೇಖನಿಗಳ ಚೀಲಗಳನ್ನೂ ಎಸೆದು ಪಶ್ಚಿಮದ ಹೆದ್ದಾರಿ ಹಿಡಿಯುತ್ತಾರೆ. ಕೊಲರಾಡೊ ಗಡಿಯ ಗುಡ್‌ಲ್ಯಾಂಡ್‌ವರೆಗೆ ನಾನೂರು ಮೈಲಿ. ಜೋಳದ ಹೊಲಗಳ ಮೇಲೆ ಸೂರ್ಯ ನೇರವಾಗಿ ಕಣ್ಣಿಗೆ ಹೊಡೆಯುತ್ತಾನೆ. ಗಡಿಗೆ ಹೊಂದಿದ ನಾಲ್ಕು ಕೌಂಟಿಗಳಲ್ಲಿ ಕಾಲಮಾನವೇ ಬೇರೆ; ಅಲ್ಲಿ ಕಾಲಿಟ್ಟೊಡನೆ ಗಡಿಯಾರದ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ಕತ್ತಲೆಯಲ್ಲಿ ವಾಹನದ ಬೆಳಕು ಬಿದ್ದಾಗ ರಸ್ತೆಯ ಬದಿಯ ನೀಲಿಯ ಫಲಕ ಹೊಳೆಯುತ್ತದೆ. ತಿರುವಿನ ಆಚೆ ಊರೆಲ್ಲ ಮಲಗಿದೆ. ಆಸ್ಪತ್ರೆಯ ಬಾಗಿಲ ದೀಪ ಉರಿಯುತ್ತಿದೆ, ಒಳಗೆ ರಾತ್ರಿಯ ದಾದಿ ಎದ್ದು ಬಂದು ಯಾರ ವಾಹನವೆಂದು ಗಾಜಿನಿಂದ ನೋಡುತ್ತಾಳೆ.